ಎಲ್ಲಿವರೆಗೆ ಬಂತು? – ಮನೆಯ ಕಂಪ್ಯೂಟರ್ ಕೆಟ್ಟಾಗ ನೋಡುವ ಬಗೆ

ಇಂಜಿನಿಯರಿಂಗ್ ಸೇರಿದ ಮೇಲೆ ರಜೆಗೆ ಊರಿಗೆ ಹೋದವರಿಗೆಲ್ಲ ಈ ಮಾತು ಪರಿಚಯ: "ಇಂಜಿನಿಯರಿಂಗ್ ಓದ್ತಿದೀಯಲ್ಲಪ್ಪ, ನಮ್ಮನೆ ಕಂಪ್ಯೂಟರ್ ಆನ್ ಆಗ್ತಿಲ್ಲ, ಸ್ವಲ್ಪ ನೋಡ್ಕೊಡು." ನಾವು ಸಿವಿಲ್ ಆಗಿರಲಿ, ಬಯೋಟೆಕ್ ಆಗಿರಲಿ, ಪಕ್ಕದ್ಮನೆ ಆಂಟಿಗೆ ಅದೆಲ್ಲ ಒಂದೇ. ಹೋಗಿ ನೋಡಿದ್ರೆ ಟೇಬಲ್ ಕೆಳಗೆ ಧೂಳು ಹಿಡಿದ ಒಂದು ಕಪ್ಪು ಡಬ್ಬ. ಬಟನ್ ಒತ್ತಿದ್ರೆ ಒಂದೋ ಸದ್ದೇ ಇಲ್ಲ, ಇಲ್ಲಾ ಫ್ಯಾನ್ ಮಾತ್ರ ತಿರುಗುತ್ತೆ, ಪರದೆ ಕಪ್ಪು. ಫ್ಲಿಪ್-ಫ್ಲಾಪ್ ಓದಿದೀವಿ, ಕೌಂಟರ್ ಡಿಸೈನ್ ಮಾಡಿದೀವಿ, ಆದರೆ ಈ ಡಬ್ಬ ಯಾಕೆ ಬೀಪ್ ಬೀಪ್ ಅಂತಿದೆ ಅನ್ನೋದು ಯಾವ ಮಾಡ್ಯೂಲ್‌ನಲ್ಲೂ ಬಂದಿಲ್ಲ.

ಅದಕ್ಕೇ ಈ ಸಂಚಿಕೆಯಲ್ಲಿ ಈ ಪಾಠ. ಹಾರ್ಡ್‌ವೇರ್‌ಗೆ ಕನ್ನಡದಲ್ಲಿ 'ಯಂತ್ರಾಂಶ' ಅಂತ ಒಳ್ಳೆ ಪದ ಇದೆ. ಕನ್ನಡ ಸಂಘದವರಾಗಿ ನಾವು ಅದನ್ನೇ ಬಳಸಬೇಕಿತ್ತು. ಆದರೆ ಅಂಗಡಿಗೆ ಹೋಗಿ "ಯಂತ್ರಾಂಶದ ಸ್ಮೃತಿಪಟ್ಟಿ ಕೊಡಿ" ಅಂದ್ರೆ ಯಾರೂ ಏನೂ ಕೊಡಲ್ಲ. ಹಾಗಾಗಿ ರ‍್ಯಾಮ್‌ನ ರ‍್ಯಾಮ್ ಅಂತಲೇ ಕರೆಯೋಣ.

ಮೊದಲು ಇದರಲ್ಲಿ ಏನು ನಷ್ಟ ಆಗಬಹುದು ಅಂತ ಹೇಳಿಬಿಡ್ತೀವಿ. ಕೆಟ್ಟ ಕಂಪ್ಯೂಟರ್ ತಗೊಂಡು ಹೋದಾಗ ಅತಿ ಹೆಚ್ಚು ಕೇಳುವ ತೀರ್ಪು "ಮದರ್‌ಬೋರ್ಡ್ ಹೋಗಿದೆ". ಎಂಟು-ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್‌ಗೆ ಈ ಎರಡು ಪದದ ಮಾತು ತುಂಬಾ ದುಬಾರಿ. ಯಾಕಂದ್ರೆ ಹಳೆ ಪ್ರೊಸೆಸರ್‌ಗೆ ಹೊಂದುವ ಸಾಕೆಟ್‌ನ ಬೋರ್ಡ್ ಹೊಸದಾಗಿ ಸಿಗೋದು ಕಷ್ಟ. ಹೊಸ ಬೋರ್ಡ್ ಹಾಕಿದ್ರೆ ಪ್ರೊಸೆಸರ್ ಬದಲಾಗಬೇಕು. ಹಳೆಯ ಡಿಡಿಆರ್ 3 ರ‍್ಯಾಮ್ ಡಿಡಿಆರ್ 4 ಸ್ಲಾಟ್‌ಗೆ ಕೂರೋದೇ ಇಲ್ಲ, ಅದೂ ಬದಲಾಗಬೇಕು. ಅಂದ್ರೆ "ಬೋರ್ಡ್ ಹೋಗಿದೆ" ಅಂದ್ರೆ "ಹೊಸ ಕಂಪ್ಯೂಟರ್ ತಗೊಳ್ಳಿ" ಅಂತಲೇ ಅರ್ಥ. ಬೋರ್ಡ್ ನಿಜವಾಗಲೂ ಹೋಗಿರಬಹುದು. ಆದರೆ ಅದೇ ಲಕ್ಷಣ ಸಡಿಲವಾದ ರ‍್ಯಾಮ್‌ನಿಂದಲೂ ಬರುತ್ತೆ, ಸತ್ತ ಪವರ್ ಬಟನ್‌ನಿಂದಲೂ ಬರುತ್ತೆ. ದುಡ್ಡು ಕೊಡೋ ಮುಂಚೆ ಯಾವುದು ಅಂತ ಗೊತ್ತಿರಬೇಕಲ್ವಾ?

ಎರಡನೇ ನಷ್ಟ ದುಡ್ಡಿಂದ ತುಂಬೋದಲ್ಲ. ಅದು ಡಿಸ್ಕ್ ಒಳಗಿರೋದು. ಅದರ ಬಗ್ಗೆ ಮುಂದೆ ವಿವರವಾಗಿ ಬರ್ತೀವಿ.

ನೀರಿನ ಲೈನ್ ಇದ್ದ ಹಾಗೆ

ಮನೆಯ ಮೇಲಿನ ಬಾತ್‌ರೂಮ್ ನಲ್ಲಿಯಲ್ಲಿ ನೀರು ಬರ್ತಿಲ್ಲ ಅಂದ್ಕೊಳ್ಳಿ. ಯಾರಾದ್ರೂ ಸೀದಾ ಗೋಡೆ ಒಡೀತಾರಾ? ಮೊದಲು ಸಂಪ್‌ನಲ್ಲಿ ನೀರಿದೆಯಾ, ಮೋಟಾರ್ ಓಡ್ತಿದೆಯಾ, ಟ್ಯಾಂಕ್ ತುಂಬಿದೆಯಾ, ವಾಲ್ವ್ ತೆರೆದಿದೆಯಾ ಅಂತ ಸಾಲಾಗಿ ನೋಡ್ತಾರೆ. ನೀರು ಎಲ್ಲಿವರೆಗೆ ಬಂತು, ಎಲ್ಲಿ ನಿಂತಿತು ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು.

ಕಂಪ್ಯೂಟರ್ ಆನ್ ಆಗೋದೂ ಹೀಗೇ ಒಂದು ಸಾಲು. ಗೋಡೆಯ ಪ್ಲಗ್‌ನಿಂದ ಯುಪಿಎಸ್, ಅಲ್ಲಿಂದ ಡಬ್ಬದೊಳಗಿನ ಎಸ್‌ಎಂಪಿಎಸ್. ಅದು ಮನೆಯ 230 ವೋಲ್ಟ್ ಎಸಿಯನ್ನ 12, 5 ಮತ್ತು 3.3 ವೋಲ್ಟ್ ಡಿಸಿ ಮಾಡಿ ಮದರ್‌ಬೋರ್ಡ್‌ಗೆ ಕೊಡುತ್ತೆ. ಬೋರ್ಡ್ ಪ್ರೊಸೆಸರ್‌ನ ಎಬ್ಬಿಸುತ್ತೆ. ಪ್ರೊಸೆಸರ್ ಬಯಾಸ್ ಅನ್ನೋ ಚಿಕ್ಕ ಪ್ರೋಗ್ರಾಮ್ ಓದಿ, ರ‍್ಯಾಮ್ ಇದೆಯಾ ಅಂತ ಪರೀಕ್ಷೆ ಮಾಡಿ, ಡಿಸ್‌ಪ್ಲೇ ಹುಡುಕಿ, ಆಮೇಲೆ ಡಿಸ್ಕ್‌ಗೆ ಹೋಗುತ್ತೆ. ಡಿಸ್ಕ್‌ನಿಂದ ವಿಂಡೋಸ್ ಅಥವಾ ಲಿನಕ್ಸ್ ಮೇಲೇಳುತ್ತೆ. ಇಡೀ ಪಾಠ ಇಷ್ಟೇ: ಪ್ರತಿ ತೊಂದರೆಯಲ್ಲೂ "ಎಲ್ಲಿವರೆಗೆ ಬಂತು?" ಅಂತ ಕೇಳಿ. ಪರದೆಯ ಮೇಲೆ ಕಂಪನಿಯ ಲೋಗೋ ಬಂದಿದ್ರೆ ಎಸ್‌ಎಂಪಿಎಸ್, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಲ್ಲ ಕಡಿಮೆಪಕ್ಷ ಎದ್ದು ಕೂತಿವೆ ಅಂತ ಅರ್ಥ. ಆಗ "ಬೋರ್ಡ್ ಹೋಗಿದೆ" ಅಂತ ಯಾರಾದ್ರೂ ಅಂದ್ರೆ ತಿರುಗಿ ಒಂದು ಪ್ರಶ್ನೆ ಕೇಳೋ ಹಕ್ಕು ನಮಗಿದೆ.

ಇದರ ಜೊತೆ ಒಂದು ಶಿಸ್ತು. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ರ‍್ಯಾಮ್ ತೆಗೆದು ಹಾಕಿ, ಕೇಬಲ್ ಬದಲಿಸಿ, ಬ್ಯಾಟರಿನೂ ಹೊಸದು ಹಾಕಿ ಆಮೇಲೆ ಆನ್ ಮಾಡಿದ್ರೆ, ಸರಿಹೋದರೂ ಯಾವುದರಿಂದ ಹೋಯ್ತು ಅಂತ ಗೊತ್ತಾಗಲ್ಲ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಇದನ್ನೇ ಹೇಳ್ತಿದ್ರು, ನಾವು ಕೇಳಿಸ್ಕೊಳ್ತಿರಲಿಲ್ಲ ಅಷ್ಟೇ.

ಮುಚ್ಚಳ ತೆಗೆಯೋ ಮುಂಚೆ

ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಕೀಳಬೇಕು. ಆಮೇಲೆ ಪವರ್ ಬಟನ್‌ನ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಬಹುಪಾಲು ಇಳಿದು ಹೋಗುತ್ತೆ. ಒಳಗೆ ಕೈ ಹಾಕೋ ಮುಂಚೆ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹದ ಭಾಗ ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಹೋಗಲಿ. ಕಲಬುರಗಿ, ರಾಯಚೂರು ಕಡೆಯ ಒಣ ಚಳಿಗಾಲದಲ್ಲಿ ಸ್ವೆಟರ್ ತೆಗೆದ್ರೆ ಚಟಚಟ ಅನ್ನುತ್ತಲ್ಲ, ಅದೇ ಇದು. ನಮಗೆ ಬರೀ ಚುರುಕ್ ಅನ್ನೋದು ಚಿಪ್‌ಗೆ ಸಾವಾಗಬಹುದು.

ಎಸ್‌ಎಂಪಿಎಸ್ ಡಬ್ಬವನ್ನ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಇದರಲ್ಲಿ ತಮಾಷೆ ಇಲ್ಲ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಓದಿದ ಲೆಕ್ಕ ನೆನಪು ಮಾಡ್ಕೊಳ್ಳಿ: 230 ಅನ್ನೋದು ಆರ್‌ಎಂಎಸ್ ಮೌಲ್ಯ, ಅದರ ಪೀಕ್ 230 ಗುಣಿಸು ರೂಟ್ 2, ಅಂದ್ರೆ ಸುಮಾರು 325 ವೋಲ್ಟ್. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಇಷ್ಟು ಡಿಸಿ ತುಂಬಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳೀಬಹುದು. ಎಸ್‌ಎಂಪಿಎಸ್ ಕೆಟ್ಟರೆ ಇಡೀ ಡಬ್ಬ ಬದಲಿಸೋದು, ಅಷ್ಟೇ.

ಕ್ಯಾಬಿನೆಟ್ ಮುಟ್ಟಿದ್ರೆ 'ಜುಂ' ಅನ್ನುತ್ತಾ? ಹಳೇ ಮನೆಗಳಲ್ಲಿ ಇದು ಬಹಳ ಸಾಮಾನ್ಯ, ಮತ್ತು ಎಲ್ಲರೂ "ಕಂಪ್ಯೂಟರ್ ಶಾಕ್ ಹೊಡೆಯುತ್ತೆ, ಕೆಟ್ಟಿದೆ" ಅಂತಾರೆ. ಎಷ್ಟೋ ಸಲ ಕಂಪ್ಯೂಟರ್ ಸರಿಯಾಗೇ ಇರುತ್ತೆ, ಮನೆಗೆ ಅರ್ಥಿಂಗ್ ಇರಲ್ಲ. ಎಸ್‌ಎಂಪಿಎಸ್‌ನ ಒಳಗೆ ಬರುವ ಲೈನ್‌ನಲ್ಲಿ ನಾಯ್ಸ್ ತಡೆಯೋಕೆ ಎರಡು ಸಣ್ಣ ಕೆಪಾಸಿಟರ್ ಇರುತ್ತೆ, ಒಂದು ಫೇಸ್‌ನಿಂದ ಬಾಡಿಗೆ, ಒಂದು ನ್ಯೂಟ್ರಲ್‌ನಿಂದ ಬಾಡಿಗೆ. ಅರ್ಥ್ ವೈರ್ ಸರಿಯಿದ್ರೆ ಅಲ್ಲಿ ಸೋರುವ ಅತಿ ಸಣ್ಣ ಕರೆಂಟ್ ನೆಲಕ್ಕೆ ಹೋಗುತ್ತೆ. ಅರ್ಥ್ ಇಲ್ಲದಿದ್ರೆ ಎರಡು ಸಮನಾದ ಕೆಪಾಸಿಟರ್‌ಗಳ ನಡುವಿನ ಬಿಂದು ಪೂರೈಕೆಯ ಅರ್ಧಕ್ಕೆ, ಅಂದ್ರೆ ಸುಮಾರು 115 ವೋಲ್ಟ್‌ಗೆ ಹೋಗಿ ಕೂರುತ್ತೆ. ಟೆಸ್ಟರ್ ಹಚ್ಚಿದ್ರೆ ಮಿಣಮಿಣ ಉರಿಯೋದು ಅದಕ್ಕೇ. ಕರೆಂಟ್ ಕಡಿಮೆ, ಆದ್ದರಿಂದ ಬರೀ ಜುಮ್ಮೆನ್ನುತ್ತೆ. ಆದರೆ ನಿಜವಾದ ಲೀಕೇಜ್ ಇದ್ದರೂ ಮೊದಲು ಇದೇ ಲಕ್ಷಣ, ಬರೀ ಕೈಯಲ್ಲಿ ಅದನ್ನ ಬೇರೆ ಮಾಡಿ ಹೇಳೋಕಾಗಲ್ಲ. ರಬ್ಬರ್ ಚಪ್ಪಲಿ ಹಾಕ್ಕೊಂಡು ಕೆಲಸ ಮಾಡೋದು ಪರಿಹಾರ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸಿ. ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೂ ಒಳಗೆ ಎರಡೇ ವೈರ್ ಎಳೆದಿರೋದನ್ನ ನಾವು ಬೇಕಾದಷ್ಟು ಕಡೆ ನೋಡಿದೀವಿ. ಅದನ್ನೂ ತೆಗೆದು ನೋಡಿಸಿ.

ಸದ್ದೇ ಇಲ್ಲ

ಬಟನ್ ಒತ್ತಿದ್ರೆ ಫ್ಯಾನ್ ಇಲ್ಲ, ದೀಪ ಇಲ್ಲ. ಸಾಲಿನ ಮೊದಲ ಭಾಗದಲ್ಲೇ ನಿಂತಿದೆ. ಅದೇ ಪ್ಲಗ್‌ಗೆ ಫೋನ್ ಚಾರ್ಜರ್ ಹಾಕಿ ನೋಡಿ. ಯುಪಿಎಸ್ ಬಿಟ್ಟು ಕಂಪ್ಯೂಟರ್‌ನ ನೇರ ಗೋಡೆಗೆ ಹಾಕಿ ನೋಡಿ. ನಮ್ಮ ಊರುಗಳ ಕರೆಂಟ್ ನೋಡಿ ಬಹುತೇಕ ಮನೆಗಳಲ್ಲಿ ಯುಪಿಎಸ್ ಇರುತ್ತೆ, ಅದರೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸುಸ್ತಾಗುತ್ತೆ. ಬ್ಯಾಟರಿ ಸತ್ತ ಕೆಲವು ಯುಪಿಎಸ್‌ಗಳು ಕರೆಂಟ್ ಇದ್ರೂ ಆನ್ ಆಗಲ್ಲ. ಕಂಪ್ಯೂಟರ್ ಕೆಟ್ಟಿದೆ ಅಂತ ಹೊತ್ಕೊಂಡು ಹೋದ್ರೆ ಅಂಗಡಿಯಲ್ಲಿ ಚೆನ್ನಾಗಿ ಓಡುತ್ತೆ, ಮನೆಗೆ ತಂದ್ರೆ ಮತ್ತೆ ಸಪ್ಪೆ! ಇನ್ನೊಂದು ಮಾತು: 600 ವಿಎ ಯುಪಿಎಸ್ ಅಂದ್ರೆ 600 ವ್ಯಾಟ್ ಅಲ್ಲ. ಮನೆಯ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಅದು 360 ವ್ಯಾಟ್. ಅದಕ್ಕೆ ಲೇಸರ್ ಪ್ರಿಂಟರ್ ಸಿಕ್ಕಿಸಬೇಡಿ, ಕಾಗದ ಬಿಸಿ ಮಾಡೋವಾಗ ಅದು ಒಮ್ಮೆಲೆ ಎಳೆಯುವ ಕರೆಂಟ್‌ನ ಪುಟ್ಟ ಯುಪಿಎಸ್ ತಡೆಯಲ್ಲ.

ಗೋಡೆಗೆ ನೇರ ಹಾಕಿದ್ರೂ ಸದ್ದಿಲ್ಲ ಅಂದ್ರೆ ಡಬ್ಬದ ಹಿಂದೆ ಎಸ್‌ಎಂಪಿಎಸ್‌ನ ಸ್ವಿಚ್ ನೋಡಿ (ಕಸ ಗುಡಿಸೋವಾಗ ಆಫ್ ಆಗಿರೋದು ಅಪರೂಪ ಅಲ್ಲ). ಪವರ್ ಕೇಬಲ್ ಬದಲಿಸಿ, ಮಾನಿಟರ್‌ನ ಕೇಬಲ್ ಸಾಮಾನ್ಯವಾಗಿ ಅದೇ ಇರುತ್ತೆ. ಆಮೇಲೆ ಪಕ್ಕದ ಮುಚ್ಚಳ ತೆಗೆದು, ಪ್ಲಗ್ ಹಾಕಿ, ಒಳಗೇನೂ ಮುಟ್ಟದೆ ಬರೀ ಕಣ್ಣಲ್ಲಿ ನೋಡಿ. ತುಂಬಾ ಬೋರ್ಡ್‌ಗಳಲ್ಲಿ ಒಂದು ಚಿಕ್ಕ ದೀಪ ಇರುತ್ತೆ. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್ ಒಂದು 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನ್ ಕೊಡ್ತಿರುತ್ತೆ, ಆ ದೀಪ ಅದರದ್ದು. ದೀಪ ಉರೀತಿದ್ರೆ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ, ಅನುಮಾನ ಬಟನ್ ಕಡೆ ತಿರುಗಲಿ.

ಬಟನ್ ಅಂದ್ರೆ ಮುಂಭಾಗದಲ್ಲಿ ನಾವು ದಿನಾ ಒತ್ತೋ ಪ್ಲಾಸ್ಟಿಕ್. ವರ್ಷಗಟ್ಟಲೆ ಒತ್ತಿಸಿಕೊಂಡು ಒಳಗಿನ ಸಣ್ಣ ಸ್ವಿಚ್ ಸೋತಿರುತ್ತೆ. ಇದನ್ನ ಪತ್ತೆ ಮಾಡೋಕೆ ಚಂದದ ಉಪಾಯ ಇದೆ. ಹಳೆ ಕ್ಯಾಬಿನೆಟ್‌ಗಳಲ್ಲಿ ಪಕ್ಕದಲ್ಲೇ ರೀಸೆಟ್ ಬಟನ್ ಇರುತ್ತಲ್ಲ, ಎರಡೂ ಒಂದೇ ಥರದ ಸ್ವಿಚ್. ಪ್ಲಗ್ ಕಿತ್ತು, ಬೋರ್ಡ್‌ನ ಮೂಲೆಯಲ್ಲಿ ಪವರ್ ಸ್ವಿಚ್‌ನ ಎರಡು ಪಿನ್‌ಗೆ ಹಾಕಿರೋ ಕನೆಕ್ಟರ್ ತೆಗೆದು ಅಲ್ಲಿ ರೀಸೆಟ್‌ನ ಕನೆಕ್ಟರ್ ಹಾಕಿ. ಈಗ ರೀಸೆಟ್ ಒತ್ತಿ. ಕಂಪ್ಯೂಟರ್ ಎದ್ದರೆ ಖರ್ಚು ಸೊನ್ನೆ. ಇನ್ಮೇಲೆ ಆ ಮನೆಯಲ್ಲಿ ರೀಸೆಟ್ ಬಟನ್ನೇ ಪವರ್ ಬಟನ್. ಮನೆಯವರಿಗೆ ಒಂದು ಚೀಟಿ ಅಂಟಿಸಿ ಬನ್ನಿ, ಇಲ್ಲದಿದ್ರೆ ಮರುದಿನ ಮತ್ತೆ ಫೋನ್ ಬರುತ್ತೆ.

ಅದೂ ಆಗದಿದ್ರೆ ಯಾರದ್ದಾದ್ರೂ ಚೆನ್ನಾಗಿರೋ ಎಸ್‌ಎಂಪಿಎಸ್ ತಂದು ಹಾಕಿ ನೋಡೋದೇ ಖಚಿತ ದಾರಿ. ಹಸಿರು ವೈರ್‌ನ ಕಪ್ಪು ವೈರ್‌ಗೆ ಸೇರಿಸಿ ಫ್ಯಾನ್ ತಿರುಗಿಸೋ ಪರೀಕ್ಷೆ ವಿಡಿಯೋಗಳಲ್ಲಿ ತೋರಿಸ್ತಾರೆ. ಅದರಲ್ಲಿ ಫ್ಯಾನ್ ತಿರುಗಿದ್ರೂ ಲೋಡ್ ಬಿದ್ದಾಗ ಕುಸಿಯೋ ಎಸ್‌ಎಂಪಿಎಸ್‌ಗಳಿವೆ. ಮಲ್ಟಿಮೀಟರ್ ಇದ್ರೆ ಕಂಪ್ಯೂಟರ್ ಓಡ್ತಿರೋವಾಗಲೇ ಡಿಸ್ಕ್‌ಗೆ ಬರುವ ಹಳದಿ ವೈರ್ ಅಳೆಯಿರಿ. 12 ವೋಲ್ಟ್‌ನ ಮೇಲೆ ಕೆಳಗೆ ಶೇಕಡಾ 5, ಅಂದ್ರೆ 11.4ರಿಂದ 12.6ರ ಒಳಗಿರಬೇಕು. ಕೆಂಪು ವೈರ್ 4.75ರಿಂದ 5.25.

ಫ್ಯಾನ್ ತಿರುಗುತ್ತೆ, ಪರದೆ ಕಪ್ಪು

"ಬೋರ್ಡ್ ಹೋಗಿದೆ" ತೀರ್ಪು ಹೆಚ್ಚು ಬರೋದು ಇಲ್ಲೇ. ತಾಳ್ಮೆ ಇರಲಿ.

ಮೊದಲು ಮಾನಿಟರ್. ಅದರ ದೀಪ ಉರೀತಿದೆಯಾ? 'ನೋ ಸಿಗ್ನಲ್' ಅಂತಿದೆಯಾ? ಮೆನುವಿನಲ್ಲಿ ಎಚ್‌ಡಿಎಂಐ ಬದಲು ವಿಜಿಎ ಆರಿಸಿಬಿಟ್ಟಿದಾರಾ? ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೇಬಲ್ ಆ ಕಾರ್ಡ್‌ಗೇ ಹೋಗಬೇಕು. ಮನೆ ಬದಲಾಯಿಸಿದಾಗ ಯಾರೋ ಮೇಲಿನ, ಬೋರ್ಡ್‌ನ ಪೋರ್ಟ್‌ಗೆ ಸಿಕ್ಕಿಸಿರ್ತಾರೆ. ಇದು ಹೇಳಿಕೊಳ್ಳೋಕೆ ನಾಚಿಕೆಯಾಗುವಷ್ಟು ಸುಲಭದ ತೊಂದರೆ, ಅದಕ್ಕೇ ಯಾರೂ ನೋಡಲ್ಲ.

ಮಾನಿಟರ್ ಸರಿ ಇದ್ರೆ ಮುಂದಿನದು ರ‍್ಯಾಮ್. ನಮ್ಮ ಅನುಭವದಲ್ಲಿ ಹಳೆ ಡೆಸ್ಕ್‌ಟಾಪ್‌ಗಳ ಕಪ್ಪು ಪರದೆಗೆ ಇದರಷ್ಟು ಸಾಮಾನ್ಯ ಕಾರಣ ಇನ್ನೊಂದಿಲ್ಲ. ಪ್ಲಗ್ ಕಿತ್ತು, ಸ್ಲಾಟ್‌ನ ಎರಡೂ ತುದಿಯ ಕ್ಲಿಪ್ ಬಿಡಿಸಿ ರ‍್ಯಾಮ್ ತೆಗೆಯಿರಿ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಪೂರ್ತಿ ಒರೆಸಿ. ಇದು ನಮ್ಮ ದೇಶದ ಪ್ರತಿ ರಿಪೇರಿ ಅಂಗಡಿಯ ವಿದ್ಯೆ. ಹಿಂಬದಿಯ ಕಾರಣ ಸರಳ: ಗಾಳಿಯ ತೇವ, ಧೂಳು, ಕೈಯ ಜಿಡ್ಡು ಸೇರಿ ಆ ಪಟ್ಟಿಗಳ ಮೇಲೆ ತೆಳು ಪದರ ಕೂರುತ್ತೆ, ಸಂಪರ್ಕ ಕೆಡುತ್ತೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಐಸೋಪ್ರೊಪೈಲ್ ಆಲ್ಕೊಹಾಲ್ ಸಿಕ್ಕಿದ್ರೆ ರಬ್ಬರ್‌ಗಿಂತ ಒಳ್ಳೇದು. ವಾಪಸ್ ಹಾಕೋವಾಗ ಕಟ್ ಹೊಂದಿಸಿ ಎರಡೂ ಕಡೆ 'ಟಕ್' ಅನ್ನೋವರೆಗೆ ಒತ್ತಿ. ಎರಡು ರ‍್ಯಾಮ್ ಇದ್ರೆ ಒಂದೊಂದೇ ಹಾಕಿ, ಒಂದೊಂದೇ ಸ್ಲಾಟ್‌ನಲ್ಲಿ ನೋಡಿ. ಯಾವ ಜೋಡಿಯಲ್ಲಿ ಎದ್ದಿತು, ಯಾವುದರಲ್ಲಿ ಇಲ್ಲ ಅಂತ ಕಾಗದದ ಮೇಲೆ ಬರ್ಕೊಳ್ಳಿ. ಕೆಟ್ಟಿದ್ದು ರ‍್ಯಾಮಾ ಸ್ಲಾಟಾ ಅನ್ನೋದು ಆ ಕಾಗದದಲ್ಲೇ ಕಾಣುತ್ತೆ, ನಮ್ಮ ಟ್ರೂತ್ ಟೇಬಲ್ ಥರ.

ಬೀಪ್ ಬರ್ತಿದ್ರೆ ಬೈಕೋಬೇಡಿ, ಅದು ಬೋರ್ಡ್ ಮಾತಾಡೋ ರೀತಿ. ಪರದೆ ಇನ್ನೂ ಎದ್ದಿಲ್ಲ, ಹೇಳೋಕೆ ಬೇರೆ ಬಾಯಿ ಇಲ್ಲ. ಎಷ್ಟು ಉದ್ದ, ಎಷ್ಟು ಗಿಡ್ಡ ಅಂತ ಎಣಿಸಿ ಆ ಬೋರ್ಡ್‌ನ ಕೈಪಿಡಿಯಲ್ಲೇ ಅರ್ಥ ನೋಡಬೇಕು, ಯಾಕಂದ್ರೆ ಬಯಾಸ್ ಕಂಪನಿಯಿಂದ ಕಂಪನಿಗೆ ಭಾಷೆ ಬೇರೆ. ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿದಾಗ ಬೀಪ್ ಬಂದ್ರೆ ಅದು ಒಳ್ಳೆ ಸುದ್ದಿ: ರ‍್ಯಾಮ್ ಇಲ್ಲ ಅಂತ ದೂರು ಕೊಡುವಷ್ಟು ಬೋರ್ಡ್ ಮತ್ತು ಪ್ರೊಸೆಸರ್ ಬದುಕಿವೆ. ಸ್ಪೀಕರ್ ಇಲ್ಲದ ಬೋರ್ಡ್‌ನಲ್ಲಿ ಮಾತ್ರ ಈ ಪರೀಕ್ಷೆ ನಡೆಯಲ್ಲ. ಈಚಿನ ಹಲವು ಬೋರ್ಡ್‌ಗಳಲ್ಲಿ ಬೀಪ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಪುಟ್ಟ ದೀಪ ಇರುತ್ತೆ. ಯಾವುದು ಉರಿದು ನಿಂತಿದೆಯೋ ಅಲ್ಲಿವರೆಗೆ ಬಂತು ಅಂತ ಅರ್ಥ.

ಇಷ್ಟಕ್ಕೂ ಏಳದಿದ್ರೆ ಡಿಸ್ಕ್, ಡಿವಿಡಿ, ಯುಎಸ್‌ಬಿ ಎಲ್ಲ ಕಿತ್ತು ಬೋರ್ಡ್, ಪ್ರೊಸೆಸರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್ ಇಷ್ಟೇ ಉಳಿಸಿ ನೋಡಿ. ಬೋರ್ಡ್ ಮೇಲಿನ ಉರುಟು ಕೆಪಾಸಿಟರ್‌ಗಳ ತಲೆ ಇಡ್ಲಿ ಥರ ಉಬ್ಬಿದೆಯಾ ನೋಡಿ. 2000ದ ದಶಕದ ಮೊದಲ ವರ್ಷಗಳಲ್ಲಿ ಕೆಟ್ಟ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರ್‌ಗಳು ಪ್ರಪಂಚದಾದ್ಯಂತ ಬೋರ್ಡ್‌ಗಳನ್ನ ಕೊಂದಿದ್ವು. ತಲೆ ಉಬ್ಬಿದ್ರೆ, ಸರಿ, ಆಗ ಬೋರ್ಡ್ ಹೋಗಿದೆ ಅಂತ ಒಪ್ಪೋಣ. ಅದೂ ಬೆಸುಗೆ ಬಲ್ಲವರು ಸಿಕ್ಕಿದ್ರೆ ಬದಲಿಸೋ ಕೆಲಸವೇ.

ನಾಣ್ಯದಂಥ ಬ್ಯಾಟರಿ

ಕಂಪ್ಯೂಟರ್ ಆನ್ ಆಗುತ್ತೆ, ಆದರೆ ಇಂಟರ್‌ನೆಟ್‌ನಲ್ಲಿ ಯಾವ ಸೈಟ್ ತೆರೆದ್ರೂ "ಸುರಕ್ಷಿತ ಅಲ್ಲ" ಅನ್ನುತ್ತೆ. ಮನೆಯವರು ವೈರಸ್ ಅಂತಾರೆ. ಪರದೆಯ ಮೂಲೆಯ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆಯಾ? ಪ್ರತಿ ಸುರಕ್ಷಿತ ಸೈಟ್‌ಗೂ ಒಂದು ಪ್ರಮಾಣಪತ್ರ ಇರುತ್ತೆ, ಅದಕ್ಕೆ 'ಇಂಥ ದಿನದಿಂದ ಇಂಥ ದಿನದವರೆಗೆ' ಅಂತ ಅವಧಿ ಇರುತ್ತೆ. ಕಂಪ್ಯೂಟರ್ ತನ್ನ ಗಡಿಯಾರ ನೋಡಿ "ಈ ಪತ್ರ ಇನ್ನೂ ಹುಟ್ಟೇ ಇಲ್ಲ" ಅಂತ ತಿರಸ್ಕರಿಸುತ್ತೆ. ಕಾರಣ ಬೋರ್ಡ್ ಮೇಲಿನ ಸಿಆರ್ 2032 ಅನ್ನೋ 3 ವೋಲ್ಟ್ ಬ್ಯಾಟರಿ. 20 ಮಿಲಿಮೀಟರ್ ಅಗಲ, 3.2 ದಪ್ಪ, ಆ ಹೆಸರಿನ ಅಂಕಿಗಳ ಅರ್ಥವೂ ಅದೇ. ಪ್ಲಗ್ ಕಿತ್ತಿದ್ದಾಗ ಗಡಿಯಾರ ನಡೆಸೋದು ಇದೇ. ಒಂದು ಮಸಾಲೆ ದೋಸೆ ದುಡ್ಡಲ್ಲಿ ಹೊಸದು ಬರುತ್ತೆ.

ಇದು ಸತ್ತಾಗ ಹಳೆ ಬೋರ್ಡ್‌ಗಳು ಬಯಾಸ್ ಸೆಟ್ಟಿಂಗ್‌ನೂ ಮರೀತವೆ. ಡಿಸ್ಕ್‌ನ ಯಾವ ರೀತಿ ಓದಬೇಕು, ಯಾವುದರಿಂದ ಬೂಟ್ ಆಗಬೇಕು ಅನ್ನೋದು ಮೂಲಸ್ಥಿತಿಗೆ ಹೋಗಿ ವಿಂಡೋಸ್ ಏಳಲ್ಲ. ನೋಡೋಕೆ ಡಿಸ್ಕೇ ಹೋದಂತೆ ಕಾಣುತ್ತೆ. ಆದ್ದರಿಂದ 'ಬೂಟ್ ಡಿವೈಸ್ ಇಲ್ಲ' ಅಂತ ಬಂದ್ರೆ ಮೊದಲು ಸಿಕ್ಕಿಸಿ ಮರೆತ ಪೆನ್‌ಡ್ರೈವ್ ತೆಗೆಯಿರಿ, ಆಮೇಲೆ ಬಯಾಸ್‌ಗೆ ಹೋಗಿ ದಿನಾಂಕ ನೋಡಿ, ಡಿಸ್ಕ್‌ನ ಹೆಸರು ಪಟ್ಟಿಯಲ್ಲಿದೆಯಾ ನೋಡಿ.

ಡಿಸ್ಕ್: ಇಲ್ಲಿ ಮಾತ್ರ ಕ್ರಮ ಬೇರೆ

ಬೇರೆಲ್ಲ ಕಡೆ ನಾವು "ಹಾಕಿ ನೋಡಿ, ತೆಗೆದು ನೋಡಿ" ಅಂದ್ವಿ. ಡಿಸ್ಕ್ ವಿಷಯದಲ್ಲಿ ಹಾಗೆ ಮಾಡಬೇಡಿ. ಅನುಮಾನ ಬಂದ ತಕ್ಷಣ ಮೊದಲು ಕಾಪಿ, ಆಮೇಲೆ ಪತ್ತೆದಾರಿ.

ನಮ್ಮ ಗೆಳತಿಯೊಬ್ಬಳ ಮನೆಯ ಕಥೆ ಇದು. ಅವಳ ಅಜ್ಜಿ ತಿಪಟೂರಿನ ಹತ್ತಿರದ ಹಳ್ಳಿಯವರು, ಮದುವೆಮನೆಗಳಲ್ಲಿ ಸೋಬಾನೆ ಹೇಳ್ತಿದ್ರು. ಅಜ್ಜಿ ಅಡುಗೆಮನೆಯಲ್ಲಿ ಕೂತು ಹಾಡಿದ್ದನ್ನ ಅವಳ ಅಪ್ಪ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಫೋನ್ ತುಂಬಿದಾಗಲೆಲ್ಲ ಮನೆಯ ಡೆಸ್ಕ್‌ಟಾಪ್‌ಗೆ ಹಾಕ್ತಿದ್ರು. ಅಜ್ಜಿ ತೀರಿಕೊಂಡ ಮರುವರ್ಷ ಕಂಪ್ಯೂಟರ್ ನಿಧಾನ ಆಯ್ತು, ಒಳಗಿಂದ ಟಿಕ್ ಟಿಕ್ ಸದ್ದು ಶುರುವಾಯ್ತು. ಅಂಗಡಿಗೆ ಕೊಟ್ಟರು. "ವಿಂಡೋಸ್ ಹಾಳಾಗಿದೆ" ಅಂತ ಅವರು ಫಾರ್ಮ್ಯಾಟ್ ಮಾಡಿ, ಹೊಸ ವಿಂಡೋಸ್ ಹಾಕಿ ಕೊಟ್ಟರು. ಕಂಪ್ಯೂಟರ್ ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ಅದೇ ಡಿಸ್ಕ್ ಪೂರ್ತಿ ನಿಂತಿತು. ಆ ಹಾಡುಗಳಲ್ಲಿ ಈಗ ಉಳಿದಿರೋದು ವಾಟ್ಸಾಪ್‌ನಲ್ಲಿ ಅವಳ ಚಿಕ್ಕಮ್ಮನಿಗೆ ಕಳಿಸಿದ್ದ ಒಂದೇ ಒಂದು, ಅದೂ ಅರ್ಧ.

ಆ ಟಿಕ್ ಟಿಕ್ ಏನು ಹೇಳ್ತಿತ್ತು ಅಂತ ನೋಡೋಣ. ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತೆ, ಮುಟ್ಟಲ್ಲ. ತಲೆ ತನ್ನ ಜಾಗ ಹುಡುಕಲಾರದೆ ಮತ್ತೆ ಮತ್ತೆ ಮೊದಲಿನ ಸ್ಥಾನಕ್ಕೆ ಹೋಗಿ ಬರುವಾಗ ಆ ಸದ್ದು ಬರುತ್ತೆ. ಅಂಥ ಡಿಸ್ಕ್‌ಗೆ ಉಳಿದಿರೋ ಪ್ರತಿ ನಿಮಿಷವೂ ಅಮೂಲ್ಯ, ಅದನ್ನ ಫೈಲ್ ಹೊರತೆಗೆಯೋಕೆ ಮಾತ್ರ ಬಳಸಬೇಕು. ಚೆಕ್‌ಡಿಸ್ಕ್ ಓಡಿಸೋದು, ಡಿಫ್ರ್ಯಾಗ್ ಮಾಡೋದು, ವಿಂಡೋಸ್ ಮತ್ತೆ ಹಾಕೋದು ಎಲ್ಲ ಆ ನಿಮಿಷಗಳನ್ನ ತಿನ್ನುತ್ತೆ. ಬರೀ ಅಳಿಸಿದ ಫೈಲ್ ಎಷ್ಟೋ ಸಲ ವಾಪಸ್ ಸಿಗುತ್ತೆ, ಅದರ ಮೇಲೆ ಬೇರೆ ಬರೆದ ಮೇಲೆ ಸಿಗಲ್ಲ. ಹೊಸ ವಿಂಡೋಸ್ ಹಾಕೋದು ಅಂದ್ರೆ ಹಳೆಯದರ ಮೇಲೆ ಬರೆಯೋದೇ.

ಸದ್ದು ಇನ್ನೂ ಬಂದಿಲ್ಲ, ಬರೀ ನಿಧಾನ ಆಗಿದೆ ಅಂದ್ರೂ ಮೊದಲು ಮುಖ್ಯ ಫೈಲ್‌ಗಳನ್ನ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಸ್ಮಾರ್ಟ್ ಅಂಕಿ ನೋಡಿ. ಡಿಸ್ಕ್ ತನ್ನ ಆರೋಗ್ಯದ ದಾಖಲೆ ತಾನೇ ಇಟ್ಕೊಂಡಿರುತ್ತೆ, ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಉಚಿತ ಪ್ರೋಗ್ರಾಮ್ ಅದನ್ನ ತೋರಿಸುತ್ತೆ. ತುಂಬಾ ಸಾಲುಗಳಿರುತ್ತೆ, ನಾಲ್ಕು ಸಾಕು. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು. 197 ಓದಲಾಗದೆ ತೀರ್ಮಾನಕ್ಕೆ ಕಾಯ್ತಿರೋವು. 198 ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಂಡಾಗಲೂ ಸರಿಹೋಗದವು. ಈ ಮೂರು ಸೊನ್ನೆ ಇರಬೇಕು. ಸೊನ್ನೆ ಇಲ್ಲದೆ, ವಾರದಿಂದ ವಾರಕ್ಕೆ ಏರ್ತಿದ್ರೆ ಹೊಸ ಡಿಸ್ಕ್ ಸಮಯ. 199 ಮಾತ್ರ ಏರ್ತಿದ್ರೆ ಡಿಸ್ಕ್ ಬಹುಶಃ ಚೆನ್ನಾಗೇ ಇದೆ, ಕೇಬಲ್‌ನಲ್ಲಿ ಡೇಟಾ ಕೆಡ್ತಿದೆ. ಸಾಟಾ ಕೇಬಲ್ ಬದಲಿಸಿ ನೋಡಿ. ಒಂದು ಕೇಬಲ್‌ನ ತಪ್ಪಿಗೆ ಡಿಸ್ಕ್ ಎಸೆದ ಮನೆಗಳೂ ಇವೆ.

ವಿಂಡೋಸ್ ಏಳದೇ ಇದ್ರೂ ಡಿಸ್ಕ್ ಬಯಾಸ್‌ಗೆ ಕಾಣ್ತಿದ್ರೆ ದಾರಿ ಇದೆ. ಪೆನ್‌ಡ್ರೈವ್‌ಗೆ ಉಬುಂಟು ಹಾಕಿ ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಬರೀ 'ಟ್ರೈ' ಒತ್ತಿ ಫೈಲ್‌ಗಳನ್ನ ಕಾಪಿ ಮಾಡ್ಕೊಳ್ಳಿ. ಕೆಟ್ಟ ಸೆಕ್ಟರ್‌ಗಳಿದ್ರೆ ಡಿಡಿ-ರೆಸ್ಕ್ಯೂ ಅನ್ನೋ ಲಿನಕ್ಸ್ ಪ್ರೋಗ್ರಾಮ್ ಇದೆ. ಅದು ಸುಲಭವಾಗಿ ಬರೋದನ್ನೆಲ್ಲ ಮೊದಲು ಎತ್ಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ವಾಪಸ್ ಬರುತ್ತೆ. ಪರೀಕ್ಷೆಯಲ್ಲಿ ನಾವು ಮಾಡೋದೂ ಅದೇ ತಾನೇ. ಟಿಕ್ ಟಿಕ್ ಜೋರಾಗಿದ್ರೆ, ಒಳಗಿರೋದು ನಿಜಕ್ಕೂ ಬೆಲೆಬಾಳುವಂಥದ್ದಾದ್ರೆ, ಇದನ್ನೂ ಮಾಡದೆ ಆಫ್ ಮಾಡಿ ಡೇಟಾ ರಿಕವರಿ ಮಾಡುವವರಿಗೆ ಕೊಡಿ. ದುಬಾರಿ, ಆದರೆ ಅಲ್ಲಿ ಮಾತ್ರ ಸಾಧ್ಯ. ಡಿಸ್ಕ್‌ನ ಫ್ರೀಜರ್‌ನಲ್ಲಿಡೋ ವಿಡಿಯೋಗಳನ್ನ ನಂಬಬೇಡಿ, ಹೊರತೆಗೆದಾಗ ಒಳಗೆ ತೇವ ಕೂತು ಇದ್ದದ್ದೂ ಹೋಗುತ್ತೆ. ಎಸ್‌ಎಸ್‌ಡಿ ಇದ್ರೆ ಟಿಕ್ ಟಿಕ್ ಅನ್ನೋ ಎಚ್ಚರಿಕೆಯೂ ಇಲ್ಲ, ನಿನ್ನೆ ಇತ್ತು ಇವತ್ತಿಲ್ಲ ಅನ್ನೋ ಹಾಗೆ ಹೋಗಬಹುದು.

ಓಡ್ತಾ ಓಡ್ತಾ ಆಫ್ ಆಗೋದು

ಹತ್ತು ನಿಮಿಷ ಓಡಿ ತಟಕ್ಕನೆ ಆಫ್, ಬಿಸಿಲುಗಾಲದಲ್ಲಿ ಜಾಸ್ತಿ ಅಂದ್ರೆ ಮೊದಲ ಅನುಮಾನ ಶಾಖ. ಪ್ರೊಸೆಸರ್ ಸುಮಾರು 100 ಡಿಗ್ರಿ ಹತ್ತಿರ ಹೋದ್ರೆ ತಾನೇ ವೇಗ ಇಳಿಸುತ್ತೆ, ಅದೂ ಸಾಲದಿದ್ರೆ ಜೀವ ಉಳಿಸ್ಕೊಳ್ಳೋಕೆ ಆಫ್ ಆಗುತ್ತೆ. ಹೀಟ್‌ಸಿಂಕ್‌ನಲ್ಲಿ ಕಂಬಳಿ ಥರ ಧೂಳು ಕೂತಿರುತ್ತೆ. ಬ್ರಷ್‌ನಿಂದ ತೆಗೆಯಿರಿ. ಬ್ಲೋಯರ್ ಹಿಡಿಯೋದಾದ್ರೆ ಫ್ಯಾನ್‌ನ ಬೆರಳಿಂದ ಹಿಡ್ಕೊಳ್ಳಿ, ಅದು ಹುಚ್ಚಾಪಟ್ಟೆ ತಿರುಗಿದ್ರೆ ಬೇರಿಂಗ್ ಹೋಗುತ್ತೆ. ಇಂಟೆಲ್ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಸಡಿಲ ಆಗಿದ್ರೂ ಸಾಕು. ಕೂಲರ್ ತೆಗೆದ್ರೆ ಹಳೆ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಹೊಸದು ಒಂದು ಕಡಲೆಬೇಳೆಯಷ್ಟು ಹಾಕಿ. ಚಪಾತಿಗೆ ತುಪ್ಪ ಸವರಿದ ಹಾಗೆ ಬೇಡ. ಪಿನ್ ಇರುವ ಎಎಂಡಿ ಪ್ರೊಸೆಸರ್‌ಗಳಲ್ಲಿ ಕೂಲರ್‌ನ ನೇರ ಮೇಲೆ ಎಳೆಯದೆ ಮೆಲ್ಲಗೆ ಎಡಬಲ ತಿರುಗಿಸಿ ಬಿಡಿಸಿ, ಇಲ್ಲದಿದ್ರೆ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ಕೊಂಡು ಬರುತ್ತೆ.

ಮೇ ತಿಂಗಳ ಸಂಜೆಯ ಗುಡುಗು ಸಿಡಿಲಿಗೆ ಆಫ್ ಆಗಿ ಏಳದ ಕಂಪ್ಯೂಟರ್ ಬೇರೆ ಕಥೆ. ಮಲೆನಾಡಿನವರಿಗೆ ಇದು ಗೊತ್ತು: ಪವರ್ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲ್ಲೂ ಕೀಳಬೇಕು. ಫೈಬರ್ ಕರೆಂಟ್ ಒಯ್ಯಲ್ಲ, ಆದರೆ ಫೈಬರ್ ಬಂದು ಸೇರುವ ರೂಟರ್ ಗೋಡೆಯ ಪ್ಲಗ್‌ನಲ್ಲಿದೆ. ಅಲ್ಲಿಂದ ತಾಮ್ರದ ಕೇಬಲ್ ಸೀದಾ ಬೋರ್ಡ್‌ಗೆ.

ಅಂಗಡಿಗೆ ಹೋಗಲೇಬೇಕಾದ್ರೆ

ಎಲ್ಲ ರಿಪೇರಿಯವರೂ ಮೋಸಗಾರರು ಅಂತ ನಾವು ಹೇಳ್ತಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬರೀ ಸದ್ದು ಕೇಳಿ ಕಾಯಿಲೆ ಹೇಳೋ, ಡಿಗ್ರಿ ಇಲ್ಲದ ಪಂಡಿತರಿದ್ದಾರೆ. ಅವರ ಮುಂದೆ ನಾವು ಎಲ್‌ಕೆಜಿ. ಆದರೆ ದಿನಕ್ಕೆ ಹತ್ತಾರು ಕಂಪ್ಯೂಟರ್ ನೋಡೋರಿಗೆ ಒಂದೊಂದೇ ಬಿಡಿಸಿ ನೋಡುವ ಪುರುಸೊತ್ತು ಇರಲ್ಲ, ಆ ಪುರುಸೊತ್ತು ನಮಗಿದೆ.

"ಆನ್ ಆಗ್ತಿಲ್ಲ" ಅಂತ ಬಿಟ್ಟು ಬರಬೇಡಿ. "ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಇಲ್ಲ, ಎರಡೂ ರ‍್ಯಾಮ್ ಒಂದೊಂದೇ ಹಾಕಿ ನೋಡಿದೀವಿ, ಬೇರೆ ಮಾನಿಟರ್‌ನಲ್ಲೂ ನೋಡಿದೀವಿ ಅಣ್ಣ" ಅಂತ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತೆ. ತೊಂದರೆ ಡಿಸ್ಕ್‌ನದ್ದಲ್ಲದಿದ್ರೆ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ, ಎರಡು ಕೇಬಲ್, ನಾಲ್ಕು ಸ್ಕ್ರೂ ಅಷ್ಟೇ. ಡಿಸ್ಕೇ ಕೊಡಬೇಕಾದ್ರೆ "ನಮ್ಮನ್ನ ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಅಂತ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ. ಬಾಯಲ್ಲಿ ಹೇಳಿದ್ದು ಕೌಂಟರ್‌ನಿಂದ ಒಳಗಿನ ಟೇಬಲ್‌ಗೆ ಹೋಗೋಷ್ಟರಲ್ಲಿ ಮರೆತುಹೋಗುತ್ತೆ. ರ‍್ಯಾಮ್‌ನ, ಡಿಸ್ಕ್‌ನ ಲೇಬಲ್ ಫೋಟೋ ತೆಗೆದಿಟ್ಕೊಳ್ಳಿ. ಬದಲಿಸಿದ ಹಳೆ ಭಾಗವನ್ನ ವಾಪಸ್ ಕೇಳಿ.

ಲ್ಯಾಪ್‌ಟಾಪ್ ಬಗ್ಗೆ ಇಲ್ಲಿ ಏನೂ ಬರೆದಿಲ್ಲ, ಅದು ಮುಂದಿನ ಸಂಚಿಕೆಗೆ. ಅಲ್ಲಿವರೆಗೆ ಒಂದೇ ಮಾತು: ಟಚ್‌ಪ್ಯಾಡ್ ಮೇಲಕ್ಕೆ ಎದ್ದ ಹಾಗೆ ಕಾಣ್ತಿದ್ರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಚಾರ್ಜರ್ ಕಿತ್ತು, ಒತ್ತದೆ, ಚುಚ್ಚದೆ, ಅವತ್ತೇ ಸರ್ವಿಸ್‌ಗೆ ಕೊಡಿ.